ಭಟ್ಟಿ ಕಾಣದ ಮುಖ

ನಿಲಂಗಾದ ಸಂತೆಯಲ್ಲಿ ಒಂದು ದಿನ ಬದನೆಕಾಯಿ ಆರಿಸುತ್ತಿದ್ದೆ. ಮುಂದೆ ಎರಡು ಜಡೆಯ ಹುಡುಗಿಯೊಬ್ಬಳು ಹೋಗುತ್ತಿದ್ದಳು. ಹಿಂದಿನಿಂದ ನೋಡಿದರೆ ಥೇಟ್ ನನ್ನ ತಂಗಿ. ಚೀಲ ಅಲ್ಲೇ ಬಿಟ್ಟು ಓಡಿದೆ. ಸತ್ತವರು ಸಂತೆಗೆ ಬರುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೂ ಕಾಲು ಕೇಳಲಿಲ್ಲ. ಹುಡುಗಿ ತಿರುಗಿ ನೋಡಿದಳು. ಇವಳು ಅವಳಲ್ಲ ಎಂಬುದೇನೋ ತಿಳಿಯಿತು. ಆದರೆ ಯಾವುದು ಬೇರೆ, ಮೂಗು ಬೇರೆಯೋ ಕಣ್ಣು ಬೇರೆಯೋ ಎಂದು ನನ್ನನ್ನೇ ಕೇಳಿಕೊಂಡರೆ ಉತ್ತರ ಬರಲಿಲ್ಲ. ಹೋಲಿಸಿ ನೋಡಲು ನನ್ನ ತಲೆಯಲ್ಲಿ ತಂಗಿಯ ಮುಖವೇ ಉಳಿದಿರಲಿಲ್ಲ. ಬದನೆಕಾಯಿ ಮಾರುವವಳು ಹಿಂದಿನಿಂದ ಕೂಗುತ್ತಿದ್ದಳು. ನಾನು ಸಂತೆಯ ನಡುವೆ ನಿಂತು ಕಣ್ಣು ಮುಚ್ಚಿ ನೆನೆಸಲು ನೋಡಿದೆ. ಜಡೆ ನೆನಪಾಯಿತು, ಹಸಿರು ಲಂಗ ನೆನಪಾಯಿತು, ಓಡುವಾಗ ಒಂದು ಕಡೆ ವಾಲುವ ಹೆಗಲು ನೆನಪಾಯಿತು. ಮುಖ ಮಾತ್ರ ಬರಲಿಲ್ಲ.

ಆಗ ಭೂಕಂಪವಾಗಿ ಮೂರನೆಯ ವರ್ಷ ನಡೆದಿತ್ತು. ತಂಗಿ ನನಗಿಂತ ಬಹಳ ಚಿಕ್ಕವಳು. ಅವಳಿಗೆ ಎಣ್ಣೆ ಹಚ್ಚಿ, ತಲೆ ಹಿಕ್ಕಿ, ಶಾಲೆಗೆ ತಳ್ಳುತ್ತಿದ್ದವಳು ನಾನೇ. ನಾನು ಮದುವೆಯಾಗಿ ನಿಲಂಗಾಕ್ಕೆ ಬಂದ ಮೇಲೆ ಉಮರ್ಗಾ ತಾಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ ಅವ್ವ ಮತ್ತು ಅವಳು ಇಬ್ಬರೇ ಉಳಿದರು. ಗಣಪತಿಯನ್ನು ನೀರಿಗೆ ಬಿಟ್ಟು, ಊರಿಗೆ ಊರೇ ಕುಣಿದು ದಣಿದು ಮಲಗಿದ ರಾತ್ರಿ ಅದು. ಮುಖ ತೊಳಿ ಎಂದು ಅವ್ವ ಎಷ್ಟು ಬೈದರೂ ಕೇಳದೆ ತಂಗಿ ಗುಲಾಲು ಮೆತ್ತಿದ ಮುಖದಲ್ಲೇ ಮಲಗಿಬಿಟ್ಟಳಂತೆ. ಬೆಳಗಾಗುವ ಮೊದಲು ಭೂಮಿ ನಡುಗಿತು. ನಮ್ಮ ಕಡೆಯ ಹಳೆಯ ಮನೆಗಳೆಂದರೆ ಕಲ್ಲಿನ ದಪ್ಪ ಗೋಡೆ, ಮೇಲೆ ಮೊಳಗಟ್ಟಲೆ ಮಣ್ಣು ಹೇರಿದ ಮಾಳಿಗೆ. ಬಿಸಿಲಿಗೆ ತಂಪಾಗಿರಲಿ ಎಂದು ಹಿರಿಯರು ವರ್ಷ ವರ್ಷವೂ ಹೇರಿದ ಮಣ್ಣು. ಅದೆಲ್ಲ ಒಮ್ಮೆಲೇ ಕೆಳಗೆ ಬಂತು.

ಅವ್ವನನ್ನು ಜೀವಂತ ಹೊರಗೆ ತೆಗೆದರು. ಕಾಲು ಮುರಿದಿತ್ತು, ಎಚ್ಚರವಿರಲಿಲ್ಲ. ಉಮರ್ಗಾದ ಆಸ್ಪತ್ರೆಗೆ ಒಯ್ದರು. ತಂಗಿ ಹೋಗಿಬಿಟ್ಟಿದ್ದಳು. ನಾನು ನಿಲಂಗಾದಿಂದ ಸಿಕ್ಕ ಗಾಡಿ ಹತ್ತಿ ಊರು ಮುಟ್ಟುವಷ್ಟರಲ್ಲಿ ಅವಳನ್ನು ಸುಟ್ಟಿದ್ದರು. ಮಳೆ ಹುಯ್ಯುತ್ತಿತ್ತು, ಹೆಣಗಳು ಸಾಲಾಗಿದ್ದವು, ಒಡೆದ ಬಾಗಿಲು ತೊಲೆಗಳನ್ನೇ ಒಟ್ಟಿ ಸೀಮೆಎಣ್ಣೆ ಸುರಿದು ಎಲ್ಲರನ್ನೂ ಒಟ್ಟಿಗೇ ಸುಟ್ಟರು. ಯಾರನ್ನೂ ಬೈಯುವ ಹಾಗಿರಲಿಲ್ಲ. ಕುಣಿ ತೋಡಬೇಕಾದ ಕೈಗಳೇ ಕಲ್ಲಿನ ಕೆಳಗಿದ್ದವು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಮಲಗಿಸುವುದೂ ಇಲ್ಲ. ಹೊಲದಲ್ಲಿ ಕುಣಿ ತೋಡಿ, ಪೂಜೆಗೆ ಕೂತ ಹಾಗೆ ಕೂಡಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಪತ್ರೆ ಸುರಿದು ಮಣ್ಣು ಮುಚ್ಚುತ್ತೇವೆ. ಅಪ್ಪ ಹಾಗೆಯೇ ನಮ್ಮ ಹೊಲದ ಬೇವಿನ ಗಿಡದ ಕೆಳಗೆ ಕೂತಿದ್ದಾನೆ. ಅವನ ಎಡಕ್ಕೆ ಜಾಗ ಅವ್ವನದು ಎಂದು ಮೊದಲೇ ಮಾತಾಗಿತ್ತು. ಮಗಳನ್ನು ಸುಟ್ಟ ಸುದ್ದಿಯನ್ನು ಅವ್ವನಿಗೆ ಆಸ್ಪತ್ರೆಯಲ್ಲಿ ಹೇಳಿದವಳು ನಾನು. ಸತ್ತಳೆಂದು ಹೇಳಿದಾಗ ಅತ್ತಳು. ಸುಟ್ಟರೆಂದು ಹೇಳಿದಾಗ ಅಳು ನಿಂತುಹೋಯಿತು. "ಹಂಗಾದ್ರ ಆಕಿ ಎಲ್ಲಿ ಕೂತಾಳ?" ಎಂದು ಕೇಳಿದಳು. ಆಮೇಲೆ ವರ್ಷಗಟ್ಟಲೆ, ರೊಟ್ಟಿ ತಟ್ಟುವಾಗ, ಬಟ್ಟೆ ಹಿಂಡುವಾಗ, ಇದ್ದಕ್ಕಿದ್ದಂತೆ ಅದನ್ನೇ ಕೇಳುತ್ತಿದ್ದಳು.

ಸರಕಾರ ಬೇರೆ ಕಡೆ ಹೊಸ ಊರು ಕಟ್ಟಿಸಿ ಸಿಮೆಂಟಿನ ಮನೆ ಕೊಟ್ಟಿತು. ಅವ್ವ ಅಲ್ಲಿರಲು ಒಪ್ಪಲಿಲ್ಲ. ಮಗಳ ಮನೆಯ ಅನ್ನ ತಿನ್ನಬಾರದು ಎಂದು ಗೊಣಗುತ್ತಲೇ ನಿಲಂಗಾಕ್ಕೆ ನನ್ನ ಹತ್ತಿರ ಬಂದಳು. ಕೋರ್ಟಿನಲ್ಲಿ ಗುಮಾಸ್ತನಾಗಿದ್ದ ನನ್ನ ಗಂಡ ಒಳ್ಳೆಯವನು, ಒಂದು ಮಾತೂ ಆಡಲಿಲ್ಲ. ಆದರೆ ಮಣ್ಣೆಂದರೆ ಅವ್ವ ಹೆದರುತ್ತಿದ್ದಳು. ತುಳಸಿ ಕುಂಡಕ್ಕೂ ಕೈ ಹಚ್ಚುತ್ತಿರಲಿಲ್ಲ. ಬೇಸಿಗೆಗೆ ಹೊಸ ಕೊಡ ತಂದರೆ ಅದರ ನೀರು ಕುಡಿಯದೆ ಹಿತ್ತಾಳೆ ತಂಬಿಗೆ ಹುಡುಕುತ್ತಿದ್ದಳು. ಜೀವನವಿಡೀ ಎರೆಮಣ್ಣಿನಲ್ಲಿ ಕಳೆ ಕಿತ್ತ ಹೆಂಗಸು ಅವಳು.

ತಂಗಿಯದೊಂದು ಫೋಟೋ ಇದ್ದಿದ್ದರೆ ನಾನು ಮುಖ ಹುಡುಕುವ ಈ ಉಸಾಬರಿಗೆ ಹೋಗುತ್ತಲೇ ಇರಲಿಲ್ಲ. ಫೋಟೋಗಳಿದ್ದ ಟ್ರಂಕು ಮಾಳಿಗೆಯ ಕೆಳಗೆ ಅಪ್ಪಚ್ಚಿಯಾಗಿ, ಮೇಲೆ ಮಳೆ ಬಿದ್ದು, ಒಳಗಿದ್ದದ್ದೆಲ್ಲ ರಾಡಿಯಾಗಿತ್ತು. ನನ್ನ ಮದುವೆಯ ಫೋಟೋಗಳಲ್ಲಿ ಅವಳೆಲ್ಲೂ ಇಲ್ಲ. ಊಟದ ಪಂಕ್ತಿಯಲ್ಲಿ ಬೂಂದಿಯ ಹಿಂದೆ ಇದ್ದಳು, ಅಷ್ಟೇ.

ಸಂತೆಯಿಂದ ಬಂದ ಮರುವಾರವೇ ಉದಗೀರದಿಂದ ನನ್ನ ನಾದಿನಿಯ ಮಾತು ಬಂತು. ಅಲ್ಲಿಯ ಒಂದು ಶಾಲೆಯಲ್ಲಿ ಬೇಸಿಗೆ ರಜೆಗೆ ಮಣ್ಣಿನ ಕೆಲಸ ಕಲಿಸುವ ಶಿಬಿರವಂತೆ. ಕುಡಿಕೆ, ಬಟ್ಟಲು, ಗೊಂಬೆ, ಮುಖ, ಎಲ್ಲ ಕಲಿಸುತ್ತಾರಂತೆ. ನಾನು ಬಾಲವಾಡಿಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತಿದ್ದೆ. "ವೈನಿ, ನಿಮ್ಮ ಹುಡುಗುರಿಗಿ ಗೊಂಬಿ ಮಾಡದು ಕಲಿಸಲಕ್ಕ ಆಗ್ತದ, ಬರ್ರಿ" ಎಂದಳು ಅವಳು. ಮನೆಯಲ್ಲಿ ಎಲ್ಲರಿಗೂ ನಾನು ಅದನ್ನೇ ಹೇಳಿದೆ. ನನ್ನ ಕಿವಿಗೆ ಬಿದ್ದದ್ದು 'ಮುಖ' ಎಂಬ ಮಾತು ಮಾತ್ರ. ಅದನ್ನು ಯಾರಿಗೂ ಹೇಳಲಿಲ್ಲ.

ಕಲಿಸುವ ಅಕ್ಕೋರು ಕಲಬುರಗಿಯವರು, ಉದಗೀರಕ್ಕೆ ಮದುವೆಯಾಗಿ ಬಂದವರು. ಬಳೆಗಳನ್ನು ಮೊಣಕೈ ತನಕ ಏರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲದ ಮೇಲೆ ಕೂತೇ ಕಲಿಸುತ್ತಿದ್ದರು. ಶಿಬಿರದ ತುಂಬ ಹುಡುಗರು. ದೊಡ್ಡವಳೆಂದರೆ ನಾನೊಬ್ಬಳೇ. ಹುಡುಗರು ಆನೆ ಮಾಡಿದರೆ ಆನೆಯಾಗುತ್ತಿತ್ತು, ನಾನು ಬಟ್ಟಲು ಮಾಡಿದರೆ ಹುಡುಗರು ಬಂದು "ಆಂಟಿ, ಇದೇನು?" ಎಂದು ಕೇಳುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ನಿಮ್ಮಪ್ಪನ ತಲಿ" ಎನ್ನುತ್ತಿದ್ದೆ. ಅವು ಕಿಲಕಿಲ ನಗುತ್ತಿದ್ದವು.

ಮೊದಲ ಕೆಲವು ದಿನ ಬರೀ ನಾದುವುದು. ಕೆರೆಯ ಮಣ್ಣಿಗೆ ಹೊರಗಿನಿಂದ ತರಿಸಿದ ಬಿಳಿ ಮಣ್ಣು ಕೂಡಿಸಿ, ರೊಟ್ಟಿ ಹಿಟ್ಟಿನ ಹಾಗೆ ಒತ್ತಿ ಒತ್ತಿ ನಾದಬೇಕು. ನಾನು ರೊಟ್ಟಿ ಮಾಡುವವಳು, ಇದೇನು ದೊಡ್ಡ ಮಾತು ಎಂದುಕೊಂಡಿದ್ದೆ. ಮಣ್ಣು ಬೇರೆಯೇ. ಮಡಚಿದಾಗೆಲ್ಲ ಒಳಗೆ ಗಾಳಿ ಸೇರಿಕೊಳ್ಳುತ್ತದೆ. "ಗಾಳಿ ಉಳೀತಂದ್ರ ಭಟ್ಟ್ಯಾಗ ಸಿಡೀತದ ನೋಡ್ರಿ, ಬಾಜೂ ಇದ್ದವೂ ಒಡದು ಹೋಗ್ತಾವ" ಎನ್ನುತ್ತಿದ್ದರು ಅಕ್ಕೋರು. ನಾನು ನಾದಿದ ಉಂಡೆಯನ್ನು ತಂತಿಯಿಂದ ಎರಡು ಹೋಳು ಮಾಡಿ ತೋರಿಸುತ್ತಿದ್ದರು. ನಡುವೆ ತೂತುಗಳು. ಮತ್ತೆ ನಾದು. ಸಂಜೆ ನಾದಿನಿಯ ಮನೆಗೆ ಹೋದರೆ ರಟ್ಟೆ ಎತ್ತಲು ಬರುತ್ತಿರಲಿಲ್ಲ. "ವೈನಿ, ಕೈಯಂತೂ ಕೆಸರಾಗ್ಯಾವ, ಬಾಯಿ ಮೊಸರಾಗದು ಯಾವಾಗ?" ಎಂದು ಅವಳು ಅಣಕಿಸುತ್ತಿದ್ದಳು.

ಆಮೇಲೆ ಮಣ್ಣನ್ನು ಹಾವಿನ ಹಾಗೆ ಹೊಸೆದು ಒಂದರ ಮೇಲೊಂದು ಸುತ್ತಿ ಗಡಿಗೆ ಮಾಡುವುದು, ಹಪ್ಪಳದ ಹಾಗೆ ಲಟ್ಟಿಸಿ ಡಬ್ಬಿ ಕಟ್ಟುವುದು, ಕಡೆಗೆ ತಿರುಗುವ ಚಕ್ರ. ಚಕ್ರದ ಮುಂದೆ ನಾನು ಅತ್ತಿದ್ದೇನೆ ಎಂದರೆ ಸುಳ್ಳಲ್ಲ. ನಟ್ಟನಡುವೆ ಮಣ್ಣನ್ನು ಹಿಡಿದು ನಿಲ್ಲಿಸಬೇಕು. ಕೈ ಸ್ವಲ್ಪ ಅಲುಗಿದರೆ ಸಾಕು, ಎದ್ದು ನಿಂತ ಗೋಡೆ ಹಾಗೆಯೇ ಕುಸಿಯುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ದೊಣ್ಣೆಯೂ ಬೇಕಿರಲಿಲ್ಲ. ಕುಸಿಯುವುದನ್ನು ನೋಡಿದಾಗೆಲ್ಲ ನನಗೆ ನಮ್ಮ ಮನೆ ನೆನಪಾಗಿ ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದೆ.

ಶಾಲೆಯ ಹಿಂದಿನ ಕೋಣೆಯಲ್ಲಿ ಕರೆಂಟಿನ ಭಟ್ಟಿ ಇತ್ತು. ಕರೆಂಟು ಮಾತ್ರ ಅದರ ಮನಸ್ಸಿಗೆ ಬಂದಾಗ ಬರುತ್ತಿತ್ತು. ಕಾವು ಏರುವ ಹೊತ್ತಿಗೆ ಹೋಗಿಬಿಡುತ್ತಿತ್ತು. ಹುಡುಗರೆಲ್ಲ ಬಾಗಿಲ ಮುಂದೆ ಕೂತು "ಬಂತು, ಬಂತು" ಎಂದು ಕೂಗುತ್ತಿದ್ದರು. ಒಮ್ಮೆ ಬೆಂದ ಪಾತ್ರೆಗೆ ಹೊಳಪಿನ ನೀರು ಬಳಿದು ಮತ್ತೆ ಬೇಯಿಸಬೇಕು. ಆ ಬೇಸಿಗೆಯ ಕೊನೆಗೆ ನನ್ನ ಕೈಯಿಂದ ಹೊರಬಿದ್ದದ್ದು ನೀಲಿ ಬಣ್ಣದ ಒಂದು ಚಹಾ ಬಟ್ಟಲು, ಸ್ವಲ್ಪ ಸೊಟ್ಟ. ನಿಲಂಗಾಕ್ಕೆ ತಂದು ಅದರಲ್ಲಿ ಚಹಾ ಹಾಕಿ ಅವ್ವನಿಗೆ ಕೊಟ್ಟೆ. ತಿರುಗಿಸಿ ನೋಡಿದಳು. "ಇದು ಮಣ್ಣಿಂದದ ಏನು?" ಎಂದು ಕೇಳಿದಳು. ಹೌದೆಂದೆ. ಕೆಳಗಿಟ್ಟು ಒಳಗೆ ಹೋದಳು. ನನಗೆ ಬಹಳ ನೋವಾಯಿತು, ಆದರೆ ಚಹಾ ನಾನೇ ಕುಡಿದೆ.

ಮರುವರ್ಷ ಬೇಸಿಗೆಗೆ ಮತ್ತೆ ಹೋದೆ. ಈ ಸಲ ಅವ್ವನೂ ಜೊತೆಗಿದ್ದಳು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಉದಗೀರದಲ್ಲಿ ಆಪರೇಷನ್ ಮಾಡಿಸೋಣವೆಂದು ಗಂಡ ಹೇಳಿದ್ದ. ಡಾಕ್ಟರು ಪೊರೆ ಇನ್ನೂ ಬಲಿಯಲಿ, ಮಳೆಗಾಲ ಕಳೆಯಲಿ ಎಂದರು. ಹಾಗಾಗಿ ಅವ್ವ ನಾದಿನಿಯ ಮನೆಯಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ನಾನು ಬೆಳಿಗ್ಗೆ ಎದ್ದು ಶಿಬಿರಕ್ಕೆ ಹೋಗುತ್ತಿದ್ದೆ.

ಈ ಸಲ ಮೂರ್ತಿ ಕೆಲಸ. ಅಕ್ಕೋರಿಗೆ ಮಾತ್ರ ನಿಜ ಹೇಳಿದೆ. ಅವರು ಹಲಗೆಯ ಮೇಲೆ ಒಂದು ಕೋಲು ನಿಲ್ಲಿಸಿ, ಹಳೆಯ ಪೇಪರು ಸುತ್ತಿ, ಅದರ ಮೇಲೆ ಮಣ್ಣು ಕೂಡಿಸುವುದನ್ನು ತೋರಿಸಿದರು. "ಕಣ್ಣು ಮೂಗು ಮೊದಲ ಮಾಡಬ್ಯಾಡ್ರಿ. ತಲಿಬುರುಡಿ ಮೊದಲ. ಮುಖ ತಾನಾಗೇ ಮ್ಯಾಲ ಬರ್ತದ" ಎಂದರು. ತೆಂಗಿನಕಾಯಿಯಷ್ಟು ದೊಡ್ಡ ತಲೆ. ಹಣೆ, ಕೆನ್ನೆಯ ಎಲುಬು, ಗದ್ದ. ನನ್ನ ಬೆರಳುಗಳಿಗೆ ಏನೋ ಗೊತ್ತಿದೆ, ಅವು ತಾವಾಗಿ ಹೋಗುತ್ತಿವೆ ಎನ್ನಿಸಿತು. ನನಗೆ ಖುಷಿಯಾಗುತ್ತಿತ್ತು. ಎಷ್ಟೋ ವರ್ಷದ ಮೇಲೆ ನಾನು ಕೆಲಸ ಮಾಡುತ್ತ ಗುನುಗಿದ್ದು ಆಗಲೇ.

ಒಂದು ಮಧ್ಯಾಹ್ನ ನಾನು ಬುತ್ತಿ ಮರೆತು ಹೋಗಿದ್ದೆ. ಅವ್ವ ಬುತ್ತಿ ಹಿಡಿದುಕೊಂಡು, ದಾರಿ ಕೇಳುತ್ತ ಕೇಳುತ್ತ ಶಾಲೆಗೇ ಬಂದುಬಿಟ್ಟಳು. ಮುಚ್ಚಿಡಲು ಸಮಯ ಸಿಗಲಿಲ್ಲ. ಹಲಗೆಯ ಹತ್ತಿರ ಬಂದು, ಮೂಗು ತಾಗುವಷ್ಟು ಬಗ್ಗಿ, ಬಹಳ ಹೊತ್ತು ನೋಡಿದಳು.

"ನಿಂದೇ ಮುಖ ಯಾಕ ಮಾಡ್ಕೊಂಡೀ?" ಎಂದಳು.

ಹುಡುಗರು ಓಡಿಬಂದು ಒಮ್ಮೆ ನನ್ನ ಮುಖ, ಒಮ್ಮೆ ಮಣ್ಣಿನ ಮುಖ ನೋಡಿ "ಹೌದು, ಆಂಟಿ ಇದ್ದಂಗೇ ಅದ" ಎಂದು ಕೂಗಿದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಅಕ್ಕೋರು ಮೆಲ್ಲಗೆ, ಎಲ್ಲರಿಗೂ ಹಾಗೇ ಆಗುತ್ತದೆ, ಗೊತ್ತಿಲ್ಲದ ಮುಖಕ್ಕೆ ಕೈ ನಮ್ಮ ಮುಖವನ್ನೇ ತಂದು ತುಂಬುತ್ತದೆ ಎಂದರು. ಆ 'ಗೊತ್ತಿಲ್ಲದ' ಎಂಬ ಮಾತು ಕೇಳಿ ನಾನು ಹೋ ಎಂದು ಅತ್ತುಬಿಟ್ಟೆ. ಅಳುತ್ತಲೇ ಅವ್ವನಿಗೆ ಎಲ್ಲ ಹೇಳಿದೆ. ಅವಳ ಮುಖ ನನಗೆ ಮರೆತುಹೋಗಿದೆ ಅವ್ವ, ಮಾಡಿ ಇಟ್ಟುಕೊಳ್ಳೋಣವೆಂದು ಬಂದೆ ಎಂದೆ.

ಅವ್ವ ಬೈಯಬಹುದೆಂದು ಕಾದೆ. ಅವಳು ಬುತ್ತಿಯನ್ನು ಗೋಡೆಗೆ ಒತ್ತಿಟ್ಟಳು. ಮುರಿದಿದ್ದ ಕಾಲನ್ನು ಮುಂದೆ ಚಾಚಿ ಹಲಗೆಯ ಎದುರು ಕೂತಳು. ಕೈ ಮುಂದೆ ಬಂತು, ನಿಂತಿತು, ಮತ್ತೆ ಮುಂದೆ ಬಂತು. ಹೆಬ್ಬೆರಳನ್ನು ಕೆನ್ನೆಯ ಮೇಲಿಟ್ಟು ಒತ್ತಿದಳು. "ಆಕಿ ಗಲ್ಲ ಹಿಂಗ ಇದ್ದಿಲ್ಲ. ಇಲ್ಲಿ ತುಂಬಿತ್ತು" ಎಂದಳು. ನಾನು ಮಣ್ಣು ಕೊಟ್ಟೆ.

ಆಮೇಲೆ ಶಿಬಿರ ಮುಗಿಯುವ ತನಕ ಅವ್ವ ದಿನವೂ ಬಂದಳು. ಅವಳು ಬೆರಳಿನಿಂದ ಹೇಳುತ್ತಿದ್ದಳು, ನಾನು ಮಾಡುತ್ತಿದ್ದೆ. ಹಣೆ ಇಷ್ಟು ಅಗಲವಿಲ್ಲ. ಹುಬ್ಬು ಮೂಗಿಗೆ ಇಷ್ಟು ಸಮೀಪವಿಲ್ಲ. ಕೆಳತುಟಿ ಸ್ವಲ್ಪ ಮುಂದೆ, ಸಿಟ್ಟು ಬಂದಾಗಿನ ಹಾಗೆ. ನಡುವೆ ಜಗಳವೂ ಆಗುತ್ತಿತ್ತು. "ಅವ್ವಾ, ನಿನ್ನೆ ಮ್ಯಾಲ ಅಂದಿ, ಇವತ್ತು ಕೆಳಗ ಅಂತಿ" ಎಂದು ನಾನು ಸಿಡುಕುತ್ತಿದ್ದೆ. "ನಾ ಹಡದಾಕಿ ಅದೀನಿ, ನೀ ಏನು?" ಎನ್ನುತ್ತಿದ್ದಳು. ಭೂಕಂಪವಾದ ಮೇಲೆ ತಂಗಿಯ ಬಗ್ಗೆ ನಾವಿಬ್ಬರೂ ಇಷ್ಟು ಮಾತಾಡಿರಲಿಲ್ಲ. ಅವಳು ಕದ್ದು ತಿಂದ ಬೆಲ್ಲ, ಶಾಲೆಯಲ್ಲಿ ತಿಂದ ಏಟು, ಎಲ್ಲ ಬಂತು. ಒಂದು ದಿನ ಅವ್ವ ಎರಡೂ ಅಂಗೈಯಲ್ಲಿ ಆ ಮುಖವನ್ನು ಹಿಡಿದು, ಕಣ್ಣು ಮುಚ್ಚಿ, ಹಣೆಯಿಂದ ಗದ್ದದ ತನಕ ಸವರಿದಳು. "ಹೂಂ. ಈಕೀನೆ" ಎಂದಳು.

ನಾನು ನೋಡಿದೆ. ಚೆಂದದ ಹುಡುಗಿ, ಮೊಂಡು ತುಟಿ. ಇದೇ ಇರಬೇಕು ಎಂದುಕೊಂಡೆ. ಗುರುತು ಹತ್ತಿತು ಎಂದು ನಾನು ಹೇಳಲಾರೆ.

ಇನ್ನು ಉಳಿದದ್ದು ಭಟ್ಟಿ. ತಲೆ ಗಟ್ಟಿಯಾಗಿದ್ದರೆ ಸಿಡಿಯುತ್ತದೆ, ಆದ್ದರಿಂದ ನೆತ್ತಿಯನ್ನು ತಂತಿಯಿಂದ ಕೊಯ್ದು ತೆಗೆದು, ಒಳಗಿನ ಮಣ್ಣು ಕೆರೆದು, ಮತ್ತೆ ಕೂಡಿಸಿ ಬೇಯಿಸಬೇಕು ಎಂದು ಅಕ್ಕೋರು ವಿವರಿಸಿದರು. ಅವ್ವ ಪಕ್ಕದಲ್ಲೇ ಕೂತಿದ್ದಳು.

"ಏನ್ರಿ ಅಕ್ಕೋರ, ಇದಕ ಸುಡತೀರಿ?" ಎಂದು ಕೇಳಿದಳು.

"ಸುಡಬೇಕಾಗ್ತದ್ರಿ. ಸುಡಲಿಲ್ಲಂದ್ರ ನೀರು ಬಿದ್ದ ಕೂಡಲೆ ಕರಗಿ ಹೋಗ್ತದ."

ಅವ್ವ ಎದ್ದು ನಿಂತಳು. "ಒಮ್ಮಿ ಸುಟ್ಟಾರ. ಎರಡನೇ ಸಲ ಸುಡಲಕ್ಕ ನಾ ಕೊಡಲ್ಲ."

ಇದು ನನಗೆ ಹೊಳೆದೇ ಇರಲಿಲ್ಲ. ಎರಡು ಬೇಸಿಗೆ ಆ ಭಟ್ಟಿಯ ಬಾಗಿಲು ತೆಗೆದು ಮುಚ್ಚಿದ್ದೇನೆ. ಬೆಂದರೆ ಮಣ್ಣು ಉಳಿಯುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಅವ್ವನ ಕಣ್ಣಿಗೆ ಅದು ಮತ್ತೊಂದು ಚಿತೆ. ಅಕ್ಕೋರು ಪಾಪ, ಬೇರೆ ದಾರಿ ಹುಡುಕಿದರು. ಪ್ಲಾಸ್ಟರಿನಲ್ಲಿ ಅಚ್ಚು ತೆಗೆಯಬಹುದು, ಇದನ್ನು ಸುಡುವುದು ಬೇಡ ಎಂದರು. ಹಾಗಾದರೆ ಇದೇನಾಗುತ್ತದೆ ಎಂದು ಅವ್ವ ಕೇಳಿದಳು. ಅಚ್ಚಿನೊಳಗಿಂದ ತುಂಡು ತುಂಡಾಗಿ ಕಿತ್ತು ತೆಗೆಯಬೇಕಾಗುತ್ತದೆ ಎಂದು ಅಕ್ಕೋರು ನಿಜವನ್ನೇ ಹೇಳಿದರು. ಆ ಮಾತೂ ಅಲ್ಲಿಗೆ ಮುಗಿಯಿತು.

ನಾನು ಜಗಳ ತೆಗೆದೆ. ಹುಡುಗರೆಲ್ಲ ಗಾಬರಿಯಾಗಿ ನೋಡುತ್ತಿದ್ದರು. "ಸುಡಲಿಲ್ಲಂದ್ರ ಉಳಿಯಂಗಿಲ್ಲ ಅವ್ವಾ! ಇಷ್ಟು ಮಾಡಿದ್ದು ಹೊಳಿಯಾಗ ಹುಣಸಿಹಣ್ಣು ತೊಳದಂಗ ಆಗ್ತದ" ಎಂದೆ.

"ಉಳಸಂತ ಯಾರ ಹೇಳ್ಯಾರ ನಿನಗ?" ಎಂದಳು ಅವ್ವ. ದನಿ ಏರಿಸಲಿಲ್ಲ. "ಆಕೀನೇ ಉಳದಿಲ್ಲ. ಆಕಿಗಿ ಕೂಡಸಬೇಕು. ಅಪ್ಪನ ಬಾಜೂ ಕೂಡಸಬೇಕು. ಬರೀ ತಲಿ ಹ್ಯಾಂಗ ಕೂಡಸದು? ಮೈ ಮಾಡು."

ನಾನು ನೆಲದ ಮೇಲೆ ಕೂತುಬಿಟ್ಟೆ. ನನಗೆ ಬೇಕಾದದ್ದು ಗೂಡಿನಲ್ಲಿಟ್ಟು ದಿನವೂ ನೋಡುವ ಮುಖ. ಅವಳಿಗೆ ಬೇಕಾದದ್ದು ಮಣ್ಣಿನೊಳಗೆ ಒಂದು ಜಾಗ. ಎರಡೂ ಆಗುವ ಹಾಗಿರಲಿಲ್ಲ. ಬಹಳ ಹೊತ್ತಿನ ಮೇಲೆ ನಾನೇ ಎದ್ದು ಮಣ್ಣು ನಾದಲು ಕೂತೆ. ಹಡೆದವಳು ಅವಳು.

ಮೈ ಮಾಡಿದೆ. ಪದ್ಮಾಸನ ಹಾಕಿದ ಕಾಲು, ನೆಟ್ಟಗಿನ ಬೆನ್ನು, ತೊಡೆಯ ಮೇಲೆ ಬಲಗೈ, ಎದೆಯ ಮುಂದೆ ಲಿಂಗ ಹಿಡಿಯುವ ಹಾಗೆ ತೆರೆದ ಎಡಗೈ. ಎರಡು ಜಡೆಯನ್ನು ಅವ್ವನೇ ಹೊಸೆದು ಹೆಣೆದಳು. ಎಲ್ಲ ಸೇರಿ ಮೊಣಕಾಲೆತ್ತರ. ಹುಡುಗರು ಆ ಹೊತ್ತಿಗೆ ಗದ್ದಲ ಬಿಟ್ಟು ಸುತ್ತ ಕೂತಿರುತ್ತಿದ್ದರು. ಒಬ್ಬಳು ಹುಡುಗಿ ತಾನು ಮಾಡಿದ ಪುಟ್ಟ ಆನೆಯನ್ನು ಸುಡದೆಯೇ ತಂದು ಮೂರ್ತಿಯ ಮೊಣಕಾಲಿನ ಹತ್ತಿರ ಇಟ್ಟಳು. ಅವ್ವ ಬೇಡವೆನ್ನಲಿಲ್ಲ.

ನಾನು ಕಡೆಯದೊಂದು ಹಟ ಮಾಡಿದೆ. ಸ್ಟುಡಿಯೋದವನನ್ನು ಕರೆಸಿ ಫೋಟೋ ತೆಗೆಸಿದೆ. ಅವ್ವ ಅಡ್ಡ ಬರಲಿಲ್ಲ. ತೊಳೆದು ಬಂದ ಫೋಟೋ ನೋಡಿದರೆ ಅದರಲ್ಲಿ ಮುಖ ಹೋಗಿ, ಬೂದು ಬಣ್ಣದ ಒಂದು ಗೊಂಬೆ ಕೂತಿತ್ತು. ಕಣ್ಣಿನ ಗುಳಿಗಳೆಲ್ಲ ಬಿಳಿಚಿಕೊಂಡಿದ್ದವು. ಫ್ಲ್ಯಾಶಿನವನನ್ನು ಬೈದು ಅದನ್ನು ಹರಿದು ಹಾಕಿದೆ.

ಬುಟ್ಟಿಯಲ್ಲಿ ಹುಲ್ಲು ಹಾಸಿ, ಹಸಿ ಬಟ್ಟೆ ಸುತ್ತಿ, ಬೆಳಗಿನ ಎಸ್ಟಿ ಬಸ್ಸಿಗೆ ಹತ್ತಿದೆವು. ನಾದಿನಿ ಬಸ್ ಸ್ಟ್ಯಾಂಡಿನ ತನಕ ಬಂದು, ಆ ದಿನ ಒಂದೂ ಅಣಕು ಮಾತಾಡದೆ ಬುಟ್ಟಿಗೆ ಕೈ ಮುಗಿದು ಹೋದಳು. ಬುಟ್ಟಿ ನಮ್ಮಿಬ್ಬರ ಕಾಲ ನಡುವೆ, ಅವ್ವನ ಕೈ ಅದರ ಮೇಲೆ. ಕಂಡಕ್ಟರ್ ಟಿಕೆಟ್ ಹರಿಯುತ್ತ, "ಕಾಯ ಆಜೀ, ಉನ್ಹಾಳ್ಯಾತ ಗಣಪತಿ?" ಎಂದು ನಕ್ಕ. ಬೇಸಿಗೆಯಲ್ಲಿ ಗಣಪತಿಯೇ ಎಂದು. "ಗಣಪತಿ ನಾಹೀ, ಮಾಝೀ ಮುಲಗೀ ಆಹೇ" ಎಂದಳು ಅವ್ವ, ನನ್ನ ಮಗಳು ಎಂದು. ಅವನು ಇನ್ನೊಂದು ನಗೆಮಾತಿಗೆ ಬಾಯಿ ತೆಗೆದವನು ಅವಳ ಮುಖ ನೋಡಿ ಮುಚ್ಚಿಕೊಂಡ. ನಿಲಂಗಾದಲ್ಲಿ ಬಸ್ಸು ಬದಲಿಸುವಾಗ ಬುಟ್ಟಿಯನ್ನು ಅವನೇ ಇಳಿಸಿಕೊಟ್ಟ.

ಉಮರ್ಗಾದಿಂದ ಮುಂದೆ ಜೀಪು. ರಸ್ತೆ ಎಂದರೆ ಬರೀ ತಗ್ಗು. ಹೊಲಕ್ಕೆ ಮುಟ್ಟಿ ಬಟ್ಟೆ ಬಿಚ್ಚಿದರೆ ಎಡಗೈ ಮಣಿಕಟ್ಟಿನ ಹತ್ತಿರ ಮುರಿದು ಬಿದ್ದಿತ್ತು. ಲಿಂಗ ಹಿಡಿಯಬೇಕಾದ ಕೈಯೇ. ನಾನು ಹಣೆ ಬಡಿದುಕೊಂಡೆ. ಅವ್ವ ಬೇವಿನ ಗಿಡದ ಬುಡದ ಎರೆಮಣ್ಣನ್ನು ಕೈಯಿಂದಲೇ ಕೆರೆದು, ತಂಬಿಗೆಯ ನೀರು ಹಾಕಿ ಕಲಸಿ, ಆ ಕೈಯನ್ನು ಜೋಡಿಸಿದಳು. ಉದಗೀರದ ಬೂದು ಮಣ್ಣಿನ ತೋಳಿಗೆ ನಮ್ಮ ಹೊಲದ ಕಪ್ಪು ಮಣ್ಣಿನ ಪಟ್ಟಿ. ಹಿಡಿದುಕೊಂಡಿತು.

ಅವ್ವ ಹೇಳಿ ಕಳಿಸಿದ್ದಂತೆ ಕುಣಿಯನ್ನು ನಮ್ಮ ಹೊಲ ಮಾಡುವವನು ಮೊದಲೇ ತೋಡಿಟ್ಟಿದ್ದ, ಅಪ್ಪನ ಎಡಕ್ಕೆ. ಅದು ನಿನ್ನ ಜಾಗವಲ್ಲವೆ ಎಂದು ನಾನು ಕೇಳಿದೆ. "ನಾ ಆಕಿ ಬಾಜೂ ಕೂಡ್ತೀನಿ" ಎಂದಳು ಅವ್ವ. ಊರಿನ ಅಯ್ಯನವರು ಬಂದಿದ್ದರು. ಮಣ್ಣಿನ ಗೊಂಬೆಗೆ ಕ್ರಿಯೆ ಮಾಡಿದ್ದು ನಾ ಕೇಳಿಲ್ಲ ತಾಯಿ ಎಂದು ಮೊದಲು ಹಿಂದೆ ಮುಂದೆ ನೋಡಿದರು. ಆಮೇಲೆ ಬಗ್ಗಿ ಆ ಮುಖ ನೋಡಿದರು. ಅವರ ಮನೆಯಲ್ಲೂ ಆ ದಿನ ಹೋದವರಿದ್ದರು. ಜೋಳಿಗೆಯಿಂದ ವಿಭೂತಿ ತೆಗೆದರು. ಹಣೆಗೆ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಮಂತ್ರ ಹೇಳಿದರು. ಪತ್ರೆ ಸುರಿದೆವು.

ಕಡೆಗೆ ಮನೆಯವರು ಒಂದೊಂದು ಹಿಡಿ ಮಣ್ಣು ಹಾಕಬೇಕು. ಅವ್ವ ಹಾಕಿದಳು. ನಾನು ಹಿಡಿ ತುಂಬಿಕೊಂಡು ನಿಂತೆ. ಮುಖ ಬಿಟ್ಟು ಮಡಿಲಿಗೆ ಹಾಕೋಣವೆಂದು ಕೈ ಚಾಚಿದೆ. "ಮುಖದ ಮ್ಯಾಲೂ ಹಾಕು. ಇಲ್ಲಂದ್ರ ಆಕಿ ಹೋಗಂಗಿಲ್ಲ, ನಿನ್ನ ಕಡಿ ನೋಡಕೋತ ಕೂಡ್ತಾಳ" ಎಂದಳು ಅವ್ವ. ನಾನು ಒಮ್ಮೆ ಸರಿಯಾಗಿ ನೋಡಿಕೊಂಡೆ. ತುಟಿ ನೋಡಿದೆ, ಹುಬ್ಬು ನೋಡಿದೆ, ಕೆನ್ನೆಯ ಮೇಲಿದ್ದ ಅವ್ವನ ಹೆಬ್ಬೆರಳಿನ ಗುರುತು ನೋಡಿದೆ. ಆಮೇಲೆ ಮಣ್ಣು ಬಿಟ್ಟೆ.

ಆ ವರ್ಷದ ಮೊದಲ ಮಳೆ ನಿಲಂಗಾದಲ್ಲಿ ಒಂದು ಮಧ್ಯಾಹ್ನ ಬಂತು. ಭೂಕಂಪವಾದ ಮೇಲೆ ಮಳೆ ಬಂದಾಗೆಲ್ಲ ಬಾಗಿಲು ಹಾಕಿಕೊಂಡು ಮೂಲೆ ಹಿಡಿಯುತ್ತಿದ್ದ ಅವ್ವ ಅವತ್ತು ಹೊಸ್ತಿಲ ಮೇಲೆ ಕೂತು, ಬಿಸಿ ರೊಟ್ಟಿ ತಿನ್ನುತ್ತ ಅಂಗಳ ನೋಡುತ್ತಿದ್ದಳು. ಆಕಿ ಎಲ್ಲಿ ಕೂತಾಳ ಎಂದು ಅವಳು ಮತ್ತೆಂದೂ ಕೇಳಲಿಲ್ಲ. ಸುಡದ ಹಸಿ ಮಣ್ಣಿಗೆ ನೀರು ಸೋಕಿದರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ನಾನು ಒಳಗೆ ಹೋಗಿ ಕಾಳಿನ ಡಬ್ಬಿಗಳನ್ನು ಸುಮ್ಮನೆ ತೆಗೆದು ಒರೆಸಿ ಇಟ್ಟೆ.

ಅವ್ವ ಹೋಗಿ ಈಗ ಎಷ್ಟೋ ವರ್ಷವಾಯಿತು. ಹೇಳಿದ ಹಾಗೆಯೇ ಅವಳನ್ನು ತಂಗಿಯ ಪಕ್ಕದಲ್ಲಿ ಕೂಡಿಸಿದೆವು. ಈಗ ತಂಗಿಯನ್ನು ನೆನೆದರೆ ನನಗೆ ಆ ಮಣ್ಣಿನ ಮುಖವೇ ಕಣ್ಣ ಮುಂದೆ ಬರುತ್ತದೆ, ಅದರ ಹಿಂದೆ ಬೇರೆ ಮುಖವಿಲ್ಲ. ಅವ್ವನ ಕಣ್ಣಿಗೆ ಪೊರೆ ಬಂದಿತ್ತು. ಅವತ್ತು ಅವಳು ನಿಜವಾಗಿ ಗುರುತಿಸಿಯೇ "ಈಕೀನೆ" ಎಂದಳೋ, ಮಗಳನ್ನು ಹೇಗಾದರೂ ಮಾಡಿ ಕೂಡಿಸಬೇಕಲ್ಲ ಎಂದು ಅಂದಳೋ, ನನಗೆ ಗೊತ್ತಿಲ್ಲ. ಅವಳು ಬದುಕಿದ್ದಾಗ ಕೇಳುವ ಧೈರ್ಯ ನನಗೆ ಬರಲಿಲ್ಲ. ಈಗ ಆ ಮುಖ ಹೌದೋ ಅಲ್ಲವೋ ಎಂದು ಹೇಳುವವರು ಯಾರೂ ಇಲ್ಲ.